ಸುಖಿ ಎನ್ನಲು ಅವಸರವೇನು

ಪಕ್ಕದ ಮನೆಯ ಅಂಕಲ್ ತೀರಿಕೊಂಡ ವಾರದಲ್ಲೇ ನಮ್ಮ ಕನ್ನಡ ಬಳಗದವರು ಆನ್‌ಲೈನಿನಲ್ಲಿ ನುಡಿನಮನ ಇಟ್ಟುಕೊಂಡರು. ಪರ್ತ್‌ನಿಂದ, ಬ್ರಿಸ್ಬೇನ್‌ನಿಂದ, ಇಲ್ಲಿ ಅಡಿಲೇಡಿನ ಮೂಲೆಮೂಲೆಗಳಿಂದ ಮುಖಗಳು ತೆರೆಯ ಮೇಲೆ ಚೌಕಚೌಕವಾಗಿ ಮೂಡಿದವು. ಮಾತಾಡಿದವರೆಲ್ಲ ಅಂಕಲ್ ಸದಾ ಹಸನ್ಮುಖಿ, ಅಜಾತಶತ್ರು, ಯಾರ ಮನಸ್ಸನ್ನೂ ನೋಯಿಸಿದವರಲ್ಲ ಎಂದರು. ನಾನೆಲ್ಲೋ ತಪ್ಪಿ ಬೇರೆಯವರ ಸಭೆಗೆ ಬಂದುಬಿಟ್ಟೆನೇನೋ ಎಂದು ಹೂವಿನ ಹಾರದ ಚಿತ್ರ ಹಚ್ಚಿದ್ದ ಫೋಟೋವನ್ನು ಇನ್ನೊಮ್ಮೆ ನೋಡಿದೆ. ಫೋಟೋ ಅವರದೇ. ಆ ಚೌಕಗಳಲ್ಲಿದ್ದ ಅರ್ಧ ಜನರ ಮನಸ್ಸನ್ನು ಅಂಕಲ್ ನೋಯಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಉಳಿದರ್ಧ ಜನ ಅವರ ಕೈಗೆ ಸಿಕ್ಕಿರಲಿಲ್ಲ, ಅಷ್ಟೆ.

ಅಡಿಲೇಡಿನ ಬೆಡ್‌ಫರ್ಡ್ ಪಾರ್ಕ್ ಬಡಾವಣೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ತಗಡಿನ ಬೇಲಿ. ನನ್ನ ಹೆಂಡತಿಗೆ ಇಲ್ಲಿನ ಯೂನಿವರ್ಸಿಟಿಯಲ್ಲಿ ಕೆಲಸ, ನನಗೆ ಊರಿನ ಇನ್ನೊಂದು ತುದಿಯ ಸ್ಯಾಲಿಸ್‌ಬರಿಯ ಕಾರ್ಖಾನೆಯಲ್ಲಿ. ಹೀಗಾಗಿ ದಿನಾ ಬೆಳಿಗ್ಗೆ ಕಾರು ಹೊರಗೆ ತೆಗೆಯುವಾಗ ಅಂಕಲ್ ಕಣ್ಣಿಗೆ ಬೀಳುವುದು ತಪ್ಪುತ್ತಿರಲಿಲ್ಲ. ಮೈಸೂರಿನವನಾದ ನಾನು 'ಗುಡ್ ಮಾರ್ನಿಂಗ್ ಅಂಕಲ್, ಆರಾಮಾ?' ಎಂದು ಸುಮ್ಮನೆ ಬಾಯಿಮಾತಿಗೆ ಕೇಳುತ್ತಿದ್ದೆ. ಆರಾಮ ಎಂದರೆ ದೇಹದ್ದೋ ಆತ್ಮದ್ದೋ ಎಂದು ಅವರು ವಿಚಾರಿಸುತ್ತಿದ್ದರು. ನಾನು ಆಫೀಸಿಗೆ ತಡವಾಗಿ ಹೋದ ದಿನಗಳಿಗೆಲ್ಲ ಟ್ರಾಫಿಕ್ಕೇ ಕಾರಣವೆಂದು ನನ್ನ ಮ್ಯಾನೇಜರ್ ಇವತ್ತಿಗೂ ನಂಬಿದ್ದಾನೆ.

ಅವರದು ಉಡುಪಿಯ ಕಡೆಯ ಕ್ರೈಸ್ತ ಮನೆತನ. ಪಾದ್ರಿಯಾಗಲೆಂದು ಸೆಮಿನರಿಗೆ ಸೇರಿ, ಅಲ್ಲಿ ಹಳೆಯ ಗ್ರೀಕ್ ಭಾಷೆ ಕಲಿತು, ದೀಕ್ಷೆಯಾಗುವುದಕ್ಕೆ ಸ್ವಲ್ಪ ಮುಂಚೆ ಹೊರಬಂದವರು. ಹೊರಬಂದದ್ದು ತನಗಾಗಿ ಎಂದು ಆಂಟಿ ಹೇಳುತ್ತಿದ್ದರು; ಆಗ ಆಂಟಿ ಅದೇ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದರಂತೆ. ಅಂಕಲ್ ಹೇಳುತ್ತಿದ್ದ ಕಾರಣ ತಾತ್ವಿಕವಾದದ್ದು, ಪ್ರತಿ ಸಲವೂ ಬೇರೆಯದು. ದೇವರನ್ನು ಬಿಟ್ಟುಬಂದಿರಾ ಎಂದು ನಾನೊಮ್ಮೆ ಕೆಣಕಿದ್ದಕ್ಕೆ, "ದೇವರು ಅಲ್ಲಿಯೇ ಇದ್ದಾನೆ ಮಾರಾಯ್ರೆ, ಹೊರಗೆ ಬಂದದ್ದು ನಾನು" ಎಂದರು. ಗ್ರೀಕರನ್ನು ಮಾತ್ರ ಅಲ್ಲಿ ಬಿಡದೆ ಜೊತೆಗೇ ಕರೆದುಕೊಂಡು ಬಂದರು.

ಮದುವೆಯಾಗಿ ಗಲ್ಫ್, ಗಲ್ಫಿನಿಂದ ಪರ್ತ್, ಪರ್ತ್‌ನಿಂದ ಬ್ರಿಸ್ಬೇನ್, ಅಲ್ಲಿಂದ ಅಡಿಲೇಡ್. ಊರು ಬದಲಾದದ್ದೆಲ್ಲ ಆಂಟಿಯ ಕೆಲಸದ ಬೆನ್ನು ಹಿಡಿದು. ಸಂಪತ್ತು ಮನುಷ್ಯನನ್ನು ಕೆಡಿಸುತ್ತದೆ, ಬೇಕಾದ್ದು ಎಷ್ಟು ಎಂದು ತಿಳಿದವನೇ ಶ್ರೀಮಂತ ಎಂಬ ಗ್ರೀಕರ ವಿಚಾರವನ್ನು ಅಂಕಲ್ ಇಷ್ಟು ಕಾಲ ನಿಶ್ಚಿಂತೆಯಿಂದ ನಂಬಿಕೊಂಡು ಬರಲು ಸಾಧ್ಯವಾದದ್ದು ಆಂಟಿಯ ನೈಟ್ ಡ್ಯೂಟಿಯಿಂದ. ಈ ಮಾತನ್ನು ನಾನು ಅವರೆದುರಿಗೇ ಹೇಳಿದ್ದೇನೆ. ಅವರು ಸ್ವಲ್ಪವೂ ಬೇಸರಪಡದೆ, ಆ ಕಾಲದ ಗ್ರೀಕರಿಗೂ ಮನೆಯ ಖರ್ಚು ನೋಡಿಕೊಳ್ಳುವವರು ಬೇರೆ ಇದ್ದರು ಎಂದು ವಿವರಿಸಿದರು.

ಅವರು ಕೆಲಸ ಮಾಡಲಿಲ್ಲ ಎಂದಲ್ಲ. ಮಾಡಿದರು, ಉಳಿಸಿಕೊಳ್ಳಲಿಲ್ಲ. ಪರ್ತ್‌ನಲ್ಲಿ ಗಣಿಗಳಿಗೆ ಸಾಮಾನು ಒದಗಿಸುವ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದರಂತೆ. ಬಾಸ್ ಒಂದು ಡ್ರಿಲ್ಲಿಂಗ್ ಮಿಷನ್ನನ್ನು ಸದ್ದಿಲ್ಲದೆ ಮನೆಗೆ ಒಯ್ದಿದ್ದು ಇವರಿಗೆ ಗೊತ್ತಾಯಿತು. ಬೇರೆ ಯಾರಾದರೂ ಸುಮ್ಮನಿರುತ್ತಿದ್ದರು, ಇಲ್ಲವೇ ಮೇಲಿನವರಿಗೆ ಹೇಳುತ್ತಿದ್ದರು. ಅಂಕಲ್ ಹತ್ತಾರು ಜನರ ಎದುರಿನಲ್ಲಿ, ನ್ಯಾಯ ಎಂದರೇನು ಎಂದು ಬಾಸ್‌ನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಕೇಳತೊಡಗಿದರು. ಕೇಳಿದ್ದಾದರೂ ಎಲ್ಲಿ? ಬಾಸ್‌ನ ಮನೆಯ ಬಾರ್ಬಿಯಲ್ಲಿ, ಅಂದರೆ ಹಿತ್ತಲಿನ ಬಾರ್ಬೆಕ್ಯೂ ಊಟದಲ್ಲಿ, ಬಾಸ್ ತನ್ನ ಕೈಯಾರೆ ಸುಟ್ಟುಕೊಟ್ಟ ಸಾಸೇಜ್ ತಟ್ಟೆಯಲ್ಲಿ ಹಿಡಿದುಕೊಂಡು. ಮರುವಾರ ಇವರ ಕೆಲಸ ಹೋಯಿತು. ಡ್ರಿಲ್ಲಿಂಗ್ ಮಿಷನ್ ಬಾಸ್‌ನ ಮನೆಯಲ್ಲೇ ಉಳಿಯಿತು.

ಬ್ರಿಸ್ಬೇನ್‌ನಲ್ಲಿದ್ದಾಗ ಸನ್ನಿಬ್ಯಾಂಕ್‌ನ ಒಂದು ತರಕಾರಿ ಅಂಗಡಿಯಲ್ಲಿ ಕೂತರು. ಅಲ್ಲಿ ಅವರನ್ನು ಕೆಡಿಸಿದ್ದು ಬೆಂಡೆಕಾಯಿ. ನಮ್ಮವರು ಬೆಂಡೆಕಾಯಿ ಕೊಳ್ಳುವ ರೀತಿ ನಿಮಗೆ ಗೊತ್ತಿದೆ: ಒಂದೊಂದರ ತುದಿಯನ್ನೂ ಪಟ್ಟನೆ ಮುರಿದು, ಎಳೆಯದಾದರೆ ಚೀಲಕ್ಕೆ, ಬಲಿತದ್ದಾದರೆ ವಾಪಸು ರಾಶಿಗೆ. ಬೆಂಗಳೂರಿನ ಒಬ್ಬ ಹೆಂಗಸು ಹೀಗೆ ಮುರಿಯುತ್ತ ನಿಂತಿದ್ದಾಗ ಅಂಕಲ್ ಹತ್ತಿರ ಹೋಗಿ, ಪ್ರತಿಯೊಬ್ಬರಿಗೂ ಅವರವರಿಗೆ ಸಲ್ಲಬೇಕಾದ್ದು ಸಲ್ಲುವುದೇ ನ್ಯಾಯವೆಂದೂ, ಆಕೆ ಮುರಿದ ಬೆಂಡೆಕಾಯಿಗಳು ಆಕೆಗೇ ಸಲ್ಲತಕ್ಕವೆಂದೂ ತಿಳಿಸಿ, ರಾಶಿಯಲ್ಲಿದ್ದ ತುದಿಯಿಲ್ಲದವುಗಳನ್ನೆಲ್ಲ ಆರಿಸಿ ಆಕೆಯ ಚೀಲಕ್ಕೆ ತುಂಬಿದರಂತೆ. ಅವುಗಳಲ್ಲಿ ಹೆಚ್ಚಿನವು ಅವಳಿಗಿಂತ ಮುಂಚೆ ಬಂದವರು ಮುರಿದದ್ದು ಎಂಬುದು ಅವರಿಗೆ ಆಮೇಲೆ ಹೊಳೆಯಿತಂತೆ. ಅಂಗಡಿಯ ಮಾಲೀಕ ವಿಯೆಟ್ನಾಮಿನವನು, ಸಭ್ಯ. ಗ್ರೀಕರ ಬಗ್ಗೆ ತನಗೆ ತುಂಬ ಗೌರವವಿದೆ, ಆದರೆ ಗಿರಾಕಿಗಳ ಬಗ್ಗೆ ಇನ್ನೂ ಹೆಚ್ಚು ಗೌರವವಿದೆ ಎಂದು ಹೇಳಿ ಕಳಿಸಿಕೊಟ್ಟ.

ಇಂಥವರನ್ನು ನಮ್ಮ ಜನ ಯಾಕೆ ಕರೆಯುತ್ತಿದ್ದರು ಎಂದರೆ, ಅವರ ಕನ್ನಡಕ್ಕಾಗಿ. ನಮ್ಮದು ಇಂಗ್ಲಿಷ್ ಬೆರೆಸದಿದ್ದರೆ ಮುಂದಕ್ಕೆ ಹೋಗದ ಕನ್ನಡ. ಅವರು ಮೈಕ್ ಹಿಡಿದರೆ ಶುದ್ಧ ಪುಸ್ತಕದ ಕನ್ನಡ, ತಡವರಿಕೆಯೇ ಇಲ್ಲ. ಯಾವ ಮನೆಯ ಸಮಾರಂಭವಾದರೂ 'ಅಂಕಲ್, ಎರಡು ಮಾತು' ಎಂದು ಎಬ್ಬಿಸಿಬಿಡುತ್ತಿದ್ದರು. ಹಿಂದಿನ ಸಲ ಏನಾಯಿತು ಎಂಬುದು ಅದು ಹೇಗೋ ಎಲ್ಲರಿಗೂ ಮರೆತುಹೋಗಿರುತ್ತಿತ್ತು.

ನನ್ನ ಸಹೋದ್ಯೋಗಿಯೊಬ್ಬ ಸ್ಯಾಲಿಸ್‌ಬರಿಯ ಹತ್ತಿರ ಹೊಸ ಮನೆ ಕಟ್ಟಿಸಿದ. ಥಿಯೇಟರ್ ರೂಮ್, ಮೂರು ಕಾರಿನ ಗ್ಯಾರೇಜ್, ಅಡುಗೆಮನೆಯ ಹಿಂದೆ ಇನ್ನೊಂದು ಅಡುಗೆಮನೆ. ಗೃಹಪ್ರವೇಶದ ಊಟಕ್ಕೆ ಮುಂಚೆ ಅಂಕಲ್‌ರನ್ನು ಎಬ್ಬಿಸಿದರು. ಎರಡು ಅಡುಗೆಮನೆಗಳನ್ನೂ ಹೊಗಳಿದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಅವರು, ಈ ಯಜಮಾನರು ಸುಖಿಗಳು ಎಂದು ಇಲ್ಲಿ ಹಲವರು ಹೇಳಿದ್ದನ್ನು ತಾನು ಕೇಳಿಸಿಕೊಂಡೆನೆಂದೂ, ಒಬ್ಬ ಮನುಷ್ಯ ಸುಖಿಯೋ ಅಲ್ಲವೋ ಎಂಬುದನ್ನು ಅವನ ಬದುಕು ಪೂರ್ತಿ ಮುಗಿಯುವ ತನಕ ಹೇಳಬಾರದೆಂದು ಪ್ರಾಚೀನ ಗ್ರೀಕರು ತಿಳಿದಿದ್ದರೆಂದೂ, ಆದ್ದರಿಂದ ಯಜಮಾನರು ತೀರಿಕೊಂಡ ನಂತರ ಈ ವಿಷಯವನ್ನು ಎತ್ತಿಕೊಳ್ಳೋಣವೆಂದೂ ಹೇಳಿ ಕೂತರು. ಯಜಮಾನನ ತಾಯಿ ಎದ್ದು ಒಳಗೆ ಹೋಗಿಬಿಟ್ಟರು.

"ಅಂಕಲ್, ಹೊಸ ಮನೆಯಲ್ಲಿ ಸಾಯೋ ಮಾತು ಆಡ್ತಾರಾ?" ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ.

"ನಾನು ಸಾಯ್ಲಿ ಅಂತ ಹೇಳ್ಲಿಲ್ಲ. ಅವಸರ ಎಂತಕ್ಕೆ ಅಂತ ಹೇಳಿದ್ದು," ಎಂದರು ಅಂಕಲ್.

"ಇವರಿಗೆ ಅವಸರ ಎಂಬುದೇ ಇಲ್ಲ. ಮೂವತ್ತೊಂಬತ್ತು ವರ್ಷದಿಂದ ನೋಡ್ತಾ ಇದ್ದೇನೆ," ಎಂದರು ಹಿಂದಿನ ಸೀಟಿನಿಂದ ಆಂಟಿ.

ಗುಣ ಎಂಬುದು ಹುಟ್ಟಿನಿಂದ ಬರುವುದಲ್ಲ, ದಿನಾ ಮಾಡಿ ಮಾಡಿ ರೂಢಿಯಾಗುವಂಥದ್ದು ಎಂಬುದು ಅವರ ಇನ್ನೊಂದು ಪಾಠ. ಇದನ್ನು ಅವರು ಆಚರಣೆಯಲ್ಲೂ ಇಟ್ಟಿದ್ದರು. ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಯಾರ್ಯಾರೋ ಬಿಟ್ಟುಹೋದ ಟ್ರಾಲಿಗಳನ್ನು ಒಂದಕ್ಕೊಂದು ಸೇರಿಸಿ ತಳ್ಳಿಕೊಂಡು ಹೋಗಿ ಜಾಗಕ್ಕೆ ಮುಟ್ಟಿಸುತ್ತಿದ್ದರು. ಬೀದಿಯ ಎಲ್ಲರ ಕಸದ ಬಿನ್ನುಗಳನ್ನೂ ಲಾರಿ ಬಂದುಹೋದ ಮೇಲೆ ಅವರವರ ಮನೆ ಮುಂದೆ ನಿಲ್ಲಿಸುತ್ತಿದ್ದರು. ಇದೆಲ್ಲ ನಿಜಕ್ಕೂ ಒಳ್ಳೆಯದೇ, ನನಗೂ ಅದರಿಂದ ಅನುಕೂಲವಾಗಿದೆ. ಆದರೆ ಕಾಫಿ ಕುಡಿದ ಲೋಟವನ್ನು ಅವರು ಕೂತಲ್ಲೇ ಬಿಟ್ಟು ಏಳುತ್ತಿದ್ದರು. "ಲೋಟ ತೊಳೀಲಿಕ್ಕೆ ಗ್ರೀಕರು ಎಂತದೂ ಹೇಳ್ಲಿಲ್ವಾ ಅಂತ ಸ್ವಲ್ಪ ಕೇಳಿ," ಎಂದು ಆಂಟಿ ನನ್ನ ಮೂಲಕ ವಿಚಾರಿಸುತ್ತಿದ್ದರು. ತಮ್ಮ ತಮ್ಮಲ್ಲಿ ಅವರದು ಕೊಂಕಣಿ. ನಾನಿದ್ದರೆ ಮಾತ್ರ ನನಗೆ ಹೊರಗಿನವನೆಂದು ಅನ್ನಿಸದಿರಲೆಂದು ಜಗಳವನ್ನೂ ಕನ್ನಡದಲ್ಲೇ ಆಡುತ್ತಿದ್ದರು.

ಇಲ್ಲಿಯ ತನಕ ಹೇಳಿದ್ದೆಲ್ಲ ನಗುವುದಕ್ಕೆ ಸರಿ. ಮುಂದಿನದಕ್ಕೆ ನನಗೆ ನಗು ಬರಲಿಲ್ಲ.

ಅವರ ಮದುವೆಯ ನಲವತ್ತನೇ ವರ್ಷದ ಸಮಾರಂಭ ಹತ್ತಿರ ಬಂದಿತ್ತು. ಬೇಲಿಯ ಮೇಲಿಂದ ಒಂದು ಕಟ್ಟು ಬಸಳೆ ಚಾಚಿದ ಆಂಟಿ, ನಾನು ತೆಗೆದುಕೊಂಡ ಮೇಲೂ ಅಲ್ಲೇ ನಿಂತಿದ್ದರು.

"ನಿಮ್ಮ ಮಾತು ಅವರು ಕೇಳ್ತಾರೆ. ನನ್ನದೊಂದು ಕೆಲಸ ಆಗ್ಬೇಕಿತ್ತು," ಎಂದರು. "ನಮ್ಮಲ್ಲಿ ಟೋಸ್ಟ್ ಅಂತ ಉಂಟು. ಯಾರಾದರೂ ಗ್ಲಾಸು ಎತ್ತಿ ನಮ್ಮಿಬ್ಬರ ಬಗ್ಗೆ ಮಾತಾಡ್ತಾರೆ. ಮತ್ತೆ ಗಂಡ ಎದ್ದು ಉತ್ತರ ಹೇಳ್ಬೇಕು. ಆಗ ಇವರು ಒಂದೇ ಮಾತು ಹೇಳ್ಲಿ. ಇವಳೊಟ್ಟಿಗೆ ಸುಖವಾಗಿದ್ದೆ ಅಂತ."

"ಹೇಳ್ತಾರೆ ಬಿಡಿ ಆಂಟಿ. ಅಷ್ಟೂ ಹೇಳಲ್ವಾ?"

"ಇಷ್ಟು ವರ್ಷದಲ್ಲಿ ಒಮ್ಮೆ ಹೇಳ್ಲಿಲ್ಲ. ಮಗಳು ಹುಟ್ಟಿದಾಗ ಕೇಳಿದೆ, ಈಗ ಸಂತೋಷವಾ ಅಂತ. ಈಗಲೇ ಹೇಳ್ಲಿಕ್ಕೆ ಬರುವುದಿಲ್ಲ ಅಂದ್ರು." ಆಂಟಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಸೆಮಿನರಿ ಬಿಡಿಸಿದವಳು ಇವಳು ಅಂತ ಅವರ ಮನೆಯವರು ಇವತ್ತಿಗೂ ಹೇಳ್ತಾರೆ. ದೇವರ ಹತ್ತಿರದಿಂದ ಎಳ್ಕೊಂಡು ಬಂದವಳು ಅಂತ. ಯಾರು ಎಂತ ಬೇಕಾದರೂ ಹೇಳ್ಲಿ. ಬಂದದ್ದು ತಪ್ಪಾಯ್ತಾ ಇಲ್ವಾ ಅಂತ ಇವರ ಬಾಯಿಯಿಂದ ನನಗೆ ಗೊತ್ತಾಗ್ಬೇಡ್ವಾ?"

ನಾನು ಆ ದಿನವೇ ಹೋಗಿ ಅಂಕಲ್ ಎದುರು ಕೂತೆ. "ಅಂಕಲ್, ಅದು ಪಾರ್ಟಿ, ಫಿಲಾಸಫಿ ಕ್ಲಾಸ್ ಅಲ್ಲ. ಒಂದ್ಸಲ 'ಸುಖವಾಗಿದ್ದೆ' ಅಂತ ಹೇಳ್ಬಿಡಿ, ನಿಮ್ ಗಂಟೇನು ಹೋಗುತ್ತೆ?"

"ಸುಳ್ಳು ಹೇಳು ಅಂತೀರಾ?"

"ಹಾಗಾದ್ರೆ ಸುಳ್ಳಾ ಅದು?"

"ಸುಳ್ಳು ಅಂತ ನಾನು ಎಲ್ಲಿ ಹೇಳಿದೆ? ಸಮಯ ಆಗ್ಲಿಲ್ಲ ಅಂತ ಹೇಳಿದ್ದು. ನಾಳೆ ಎಂತ ಬರ್ತದೆ ಅಂತ ನಿಮಗೆ ಗೊತ್ತುಂಟಾ? ಇವತ್ತು ಹೇಳಿ ನಾಳೆ ಹಿಂದೆ ತೆಗೆದ್ಕೊಳ್ಳಿಕ್ಕೆ ಆಗ್ತದಾ? ಅವಳಿಗೆ ಹೇಳುವ ಮಾತು ಅದು. ಬೇರೆಯವರಿಗೆ ಹೇಳಿದ ಹಾಗೆ ಹೇಳ್ಲಿಕ್ಕೆ ಬರುವುದಿಲ್ಲ."

ಅವರ ತೊಂದರೆ ಇದೇ ಇತ್ತು. ಬೂಟಾಟಿಕೆಯ ಮನುಷ್ಯನಾಗಿದ್ದರೆ ಬೈದು ಒಪ್ಪಿಸಬಹುದಿತ್ತು. ಇವರು ಪೂರ್ತಿ ಪ್ರಾಮಾಣಿಕರು. ಅಂಥವರ ಜೊತೆ ಸಂಸಾರ ಮಾಡುವವರ ಪಾಡು ಹೊರಗೆ ಕೂತು ಚಪ್ಪಾಳೆ ತಟ್ಟುವವರಿಗೆ ತಿಳಿಯುವುದಿಲ್ಲ.

ಚರ್ಚಿನ ಹಿಂದಿನ ಹಾಲ್‌ನಲ್ಲಿ ಸಮಾರಂಭ. ಬ್ರಿಸ್ಬೇನ್‌ನಿಂದ ಮಗಳು ಬಂದಿದ್ದಳು. ಆಂಟಿ ತಿಳಿಗುಲಾಬಿ ಬಣ್ಣದ ರೇಷ್ಮೆಸೀರೆ ಉಟ್ಟಿದ್ದರು. ಟೋಸ್ಟ್ ಆಯಿತು, ಎಲ್ಲರೂ ಗ್ಲಾಸು ಎತ್ತಿದರು, ಅಂಕಲ್ ಉತ್ತರಕ್ಕೆ ಎದ್ದರು. ತನ್ನ ಹೆಂಡತಿ ನ್ಯಾಯವಂತೆ ಎಂದರು, ನ್ಯಾಯ ಎಂದರೇನೆಂದು ವಿವರಿಸಿದರು. ಧೈರ್ಯವಂತೆ ಎಂದರು, ಹುಂಬತನಕ್ಕೂ ಹೇಡಿತನಕ್ಕೂ ನಡುವೆ ಧೈರ್ಯ ಎಲ್ಲಿ ನಿಲ್ಲುತ್ತದೆಂದು ತೋರಿಸಿದರು. ಸಂಯಮಿ ಎಂದರು. ವಿವೇಕಿ ಎಂದರು. ಇಷ್ಟು ಹೊತ್ತಿಗೆ ವೈನ್ ಬೆಚ್ಚಗಾಗಿತ್ತು. ಎತ್ತಿದ ಗ್ಲಾಸುಗಳು ಒಂದೊಂದಾಗಿ ಮೇಜಿಗೆ ಇಳಿದವು. ಆಂಟಿ ಮಾತ್ರ ಗ್ಲಾಸು ಕೆಳಗಿಡದೆ ಅವರ ಮುಖವನ್ನೇ ನೋಡುತ್ತಿದ್ದರು.

"ನಾವಿಬ್ಬರೂ ಸುಖಿಗಳೋ ಎಂದು ಕೆಲವರು ನನ್ನಿಂದ ಕೇಳಬಯಸಿದ್ದಾರೆ," ಎಂದು ಅಂಕಲ್ ನನ್ನ ಕಡೆ ನೋಡಿದರು. "ಅದನ್ನು ಹೇಳುವ ಸಮಯ ಇನ್ನೂ ಬಂದಿಲ್ಲ."

"ಓ ಮೈ ಗಾಡ್, ಡ್ಯಾಡ್," ಎಂದಳು ಮಗಳು. ಯಾರೋ ನಕ್ಕರು. ಸಂಗೀತದವನು ಅವಸರದಲ್ಲಿ ಯಾವುದೋ ಹಾಡು ಹಾಕಿದ. ಆಂಟಿ ಗ್ಲಾಸು ಇಳಿಸಿ, ನಗುನಗುತ್ತಲೇ ಕೇಕ್ ಕತ್ತರಿಸಿ, ಮೊದಲ ತುಂಡನ್ನು ಗಂಡನ ಬಾಯಿಗಿಟ್ಟರು. ಆ ಕೇಕ್ ಅವರ ಗಂಟಲಿಗೆ ಸಿಕ್ಕಿಕೊಳ್ಳಲಿ ಎಂದು ನಾನು ಮನಸಾರೆ ಹಾರೈಸಿದೆ. ಅದೂ ಆಗಲಿಲ್ಲ.

ಮರುದಿನ ಬೇಲಿಯ ಹತ್ತಿರ ಆಂಟಿ, "ನಾನಿನ್ನು ಕೇಳುವುದಿಲ್ಲ. ನೀವೂ ಕೇಳ್ಬೇಡಿ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅದಾದ ಮೇಲೆ ಅಂಕಲ್ ಜೊತೆ ನಾನು ಸ್ವಲ್ಪ ಕಾಲ ನೆಟ್ಟಗೆ ಮಾತಾಡಲಿಲ್ಲ. ಅವರು ನಮ್ಮ ಬಿನ್ನನ್ನು ಎಂದಿನಂತೆ ತಂದು ನಿಲ್ಲಿಸುತ್ತಿದ್ದರು.

ಹೋದ ವರ್ಷ ಚಳಿಗಾಲದಲ್ಲಿ ಅಂಕಲ್‌ರ ಹೃದಯ ಸೋಲತೊಡಗಿತು. ಕಾಲು ಊದಿಕೊಂಡವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ನಮ್ಮ ಬಡಾವಣೆಯ ದೊಡ್ಡ ಆಸ್ಪತ್ರೆಗೇ ಸೇರಿಸಿದರು. ಆಂಟಿ ನಿವೃತ್ತಿಯ ತನಕ ಕೆಲಸ ಮಾಡಿದ್ದೂ ಅಲ್ಲೇ. ಡಾಕ್ಟರುಗಳು ಇನ್ನು ಹೆಚ್ಚೇನೂ ಮಾಡುವಂತಿಲ್ಲ ಎಂದು ಹೇಳಿಯಾಗಿತ್ತು. ಆಂಟಿ ಬೆಳಿಗ್ಗೆಯೇ ಬಂದು, ಡ್ಯೂಟಿಯಲ್ಲಿದ್ದಂತೆಯೇ ಡ್ರಿಪ್ ನೋಡಿ, ದಿಂಬು ಸರಿಮಾಡಿ, ಹೊಸ ನರ್ಸುಗಳ ಕೆಲಸದಲ್ಲಿ ತಪ್ಪು ಹುಡುಕುತ್ತ ಕೂತಿರುತ್ತಿದ್ದರು.

ಒಂದು ದಿನ ಆಫೀಸಿನಿಂದ ಬೇಗ ಹೊರಟು ಇಲ್ಲಿನವರು ಆರ್ವೋ ಎನ್ನುವ ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋದೆ. ಅಂಕಲ್ ಮೂಗಿಗೆ ಆಕ್ಸಿಜನ್ ನಳಿಗೆ ಹಾಕಿಸಿಕೊಂಡು ಕಣ್ಣು ಮುಚ್ಚಿದ್ದರು. ಆಂಟಿ ಪಕ್ಕದಲ್ಲಿ ಕೂತು ಮ್ಯಾಂಡರಿನ್ ಕಿತ್ತಳೆ ಸುಲಿಯುತ್ತ, ರಾತ್ರಿ ಪಾಳಿಯವಳು ಹಾಸಿಗೆಯ ಚಾದರವನ್ನು ಸುಕ್ಕು ಸುಕ್ಕಾಗಿ ಹಾಸಿದ್ದರ ಬಗ್ಗೆ ನನಗೆ ವಿವರವಾಗಿ ಹೇಳುತ್ತಿದ್ದರು. ಆಗ ಅಂಕಲ್ ಕಣ್ಣು ತೆರೆದರು.

"ನಾನು ಸುಖವಾಗಿದ್ದೆ," ಎಂದರು. ಉಸಿರು ತೆಗೆದುಕೊಂಡು, "ನಿನ್ನೊಟ್ಟಿಗೆ," ಎಂದರು.

ಆಂಟಿಯ ಕೈಯಲ್ಲಿದ್ದ ಹಣ್ಣು ಕೆಳಗೆ ಬಿತ್ತು. ಅವರು ಗಂಡನ ಮುಖ ನೋಡಲಿಲ್ಲ, ಮಾನಿಟರ್ ನೋಡಿದರು. ಆಕ್ಸಿಜನ್ ಅಂಕಿ ನೋಡಿದರು. ಹಣೆ ಮುಟ್ಟಿದರು. ಆಮೇಲೆ ಗೋಡೆಯ ಕರೆಗಂಟೆಯನ್ನು ಒತ್ತಿಬಿಟ್ಟರು.

"ಕನ್ಫ್ಯೂಷನ್ ಶುರುವಾಗಿದೆ," ಎಂದು ನನಗೆ ಹೇಳಿದರು. "ಇನ್ಫೆಕ್ಷನ್ ಇರ್ಬೇಕು. ವಯಸ್ಸಾದವರಿಗೆ ಹೀಗೇ ಆಗುವುದು. ಎಂತೆಂತದೋ ಮಾತಾಡ್ತಾರೆ."

ಜೀವಮಾನವೆಲ್ಲ ಕಾದ ಮಾತು ಕೊನೆಗೆ ಬಂದಾಗ ಆಂಟಿಗೆ ಅದು ಕಾಯಿಲೆಯ ಲಕ್ಷಣವಾಗಿ ಕಂಡಿತು. ಅವರನ್ನು ದೂರಿ ಪ್ರಯೋಜನವಿಲ್ಲ. ಅಂಕಲ್ ಅವರಿಗೆ ಹಾಗೆ ತರಬೇತಿ ಕೊಟ್ಟಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ಹಣ್ಣು ಹೆಕ್ಕುವ ನೆವದಲ್ಲಿ ಬಗ್ಗಿದೆ.

ನರ್ಸ್ ಬರುವುದು ತಡವಾಯಿತು. ಆಂಟಿ ತಾವೇ ಪರೀಕ್ಷೆ ಶುರುಮಾಡಿದರು.

"ಈಗ ಎಲ್ಲಿದ್ದೀರಿ?"

"ನೀನು ಕೆಲಸ ಮಾಡಿದ ಆಸ್ಪತ್ರೆಯಲ್ಲಿ."

"ಇವತ್ತು ಯಾವ ವಾರ?"

"ಗುರುವಾರ. ಬಿನ್ ಹೊರಗಿಡುವ ದಿನ."

"ಪ್ರಧಾನಿ ಯಾರು?"

ಅಂಕಲ್ ಹೆಸರು ಹೇಳಿದರು. ಕೇಳದಿದ್ದರೂ ಆ ಮನುಷ್ಯನ ಬಗ್ಗೆ ತಮ್ಮ ಅಭಿಪ್ರಾಯವನ್ನೂ ಸೇರಿಸಿದರು.

"ತಿಂಗಳುಗಳನ್ನು ಕೊನೆಯಿಂದ ಹಿಂದಕ್ಕೆ ಹೇಳಿ."

"ಡಿಸೆಂಬರ್. ನವೆಂಬರ್. ಅಕ್ಟೋಬರ್." ಒಂದೊಂದು ತಿಂಗಳಿಗೂ ಒಂದೊಂದು ಉಸಿರು ಬೇಕಾಗುತ್ತಿತ್ತು. ಆಂಟಿ ಬೆರಳು ಮಡಚುತ್ತ ಹೋದರು. ಮಾರ್ಚಿನ ಹತ್ತಿರ ಅಂಕಲ್ ನಿಂತರು. ಆಂಟಿಯ ಕೈಯೂ ಗಾಳಿಯಲ್ಲಿ ನಿಂತಿತು. ಆ ಮುದುಕ ಒಂದು ತಿಂಗಳು ಕೂಡ ತಪ್ಪಬಾರದು ಎಂದು ಆಗ ಬೇಡಿಕೊಂಡಷ್ಟು ನಾನು ಯಾವ ದೇವರನ್ನೂ ಯಾವುದಕ್ಕೂ ಬೇಡಿಕೊಂಡಿರಲಿಲ್ಲ. "ಫೆಬ್ರವರಿ," ಎಂದರು ಅಂಕಲ್. "ಜನವರಿ."

"ನಾನು ಯಾರು?" ಎಂದು ಕೇಳಿದರು ಆಂಟಿ.

"ಇಷ್ಟು ಹೇಳಿದರೂ ನಂಬದವಳು."

ಆಂಟಿ ಬೈಯಲು ಶುರುಮಾಡಿದರು. "ಮತ್ತೆ ಇಷ್ಟು ವರ್ಷ ಎಂತ ಮಾಡ್ತಿದ್ರಿ ನೀವು? ಅಷ್ಟು ಜನರ ಎದುರು ಗ್ಲಾಸು ಹಿಡ್ಕೊಂಡು ನಿಂತಿದ್ದೆನಲ್ಲ ನಾನು, ಕಾಣ್ಲಿಲ್ವಾ ನಿಮಗೆ? ಬಾಯಿ ಇರ್ಲಿಲ್ವಾ?" ಪಕ್ಕದ ಹಾಸಿಗೆಯವರು ಪರದೆ ಸರಿಸಿ ನೋಡಿದರು. ಆಂಟಿಗೆ ಅದರ ಪರಿವೆಯೇ ಇರಲಿಲ್ಲ.

ಅಷ್ಟರಲ್ಲಿ ಆಸ್ಟ್ರೇಲಿಯಾದ ಹುಡುಗಿ ನರ್ಸ್ ಓಡಿ ಬಂದಳು. "ಎವ್ರಿಥಿಂಗ್ ಓಕೆ? ವಾಟ್ಸ್ ಹ್ಯಾಪನ್ಡ್?"

ಆಂಟಿ ಸೆರಗಿನಿಂದ ಮೂಗು ಒರೆಸಿಕೊಂಡು, "ನಥಿಂಗ್, ಡಾರ್ಲಿಂಗ್. ಹಿ ಸೇಸ್ ಹಿ ವಾಸ್ ಹ್ಯಾಪಿ," ಎಂದರು.

"ಆ, ಗುಡ್ ಆನ್ ಯಾ," ಎಂದು ಹುಡುಗಿ ಶಾಭಾಸ್ ಎನ್ನುವಂತೆ ಅಂಕಲ್‌ರ ಕಾಲು ತಟ್ಟಿ, ಕರೆಗಂಟೆಯ ದೀಪ ಆರಿಸಿ ಹೋದಳು.

ಆಂಟಿ ಕುರ್ಚಿಯನ್ನು ಹಾಸಿಗೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡು ಕೂತರು. ನಾನಿದ್ದೇನೆ ಎಂಬುದನ್ನು ಮರೆತು, ಕೊಂಕಣಿಯಲ್ಲಿ, ಇನ್ನೊಮ್ಮೆ ಹೇಳಿ ಎಂದರು. ಅಷ್ಟು ಕೊಂಕಣಿ ನನಗೂ ಅರ್ಥವಾಗುತ್ತಿತ್ತು. ಅಂಕಲ್ ವಾದ ಮಾಡದೆ ಹೇಳಿದರು.